ಎಸ್ತೇರಳ ಉಡುಪು

ನಿಮ್ಮ ಮನೆಯಲ್ಲಿ ಹದಿನಾಲ್ಕೋ ಹದಿನೈದೋ ವಯಸ್ಸಿನ ಹೆಣ್ಣುಮಗಳಿದ್ದರೆ ಭಾನುವಾರದ ಬೆಳಗು ಹೇಗಿರುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಪೂಜೆಗೆ ಹೊತ್ತಾಗುತ್ತಿರುತ್ತದೆ. ತಂದೆ ಹೊರಗೆ ಗಾಡಿ ಚಾಲು ಮಾಡಿಕೊಂಡು ನಿಂತಿರುತ್ತಾರೆ. ಒಳಗೆ ತಾಯಿ ಮಗಳ ನಡುವೆ ದುಪಟ್ಟಾದ ಕುರಿತು, ಕುತ್ತಿಗೆಯ ಆಳದ ಕುರಿತು, ತೋಳಿನ ಉದ್ದದ ಕುರಿತು ವಾದ ನಡೆದಿರುತ್ತದೆ. ನಮ್ಮ ಮನೆಯಲ್ಲಿ ಆ ವಾದವನ್ನು ಪ್ರತಿ ವಾರವೂ ಗೆಲ್ಲುತ್ತಿದ್ದವಳು ನಾನೇ. ಆ ಗೆಲುವಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. 2023ರ ಡಿಸೆಂಬರಿನಲ್ಲಿ ಒಂದು ನಾಟಕದ ತಾಲೀಮು ಆ ಹೆಮ್ಮೆಯನ್ನು ಇಳಿಸಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ನಮ್ಮ ಕಡೆಯ ಕ್ರೈಸ್ತ ಕುಟುಂಬಗಳು ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ. ವರ್ಷಕ್ಕೊಮ್ಮೆ ಕ್ರಿಸ್ತಜಯಂತಿಯ ಹೊತ್ತಿಗೆ ಎಲ್ಲರೂ ಒಂದೆಡೆ ಸೇರುವುದು ರೂಢಿ. ಆ ಸಲ ಕೊಟ್ಟೂರಿನಲ್ಲಿ ಸೇರಿದಾಗ ಮಕ್ಕಳಿಂದ ಎಸ್ತೇರ್ ರಾಣಿಯ ನಾಟಕ ಆಡಿಸುವುದೆಂದು ನಿಶ್ಚಯವಾಯಿತು. ರಾಣಿಯ ಪಾತ್ರ ನನ್ನ ಮಗಳಿಗೆ ಬಂತು. ವೇಷಭೂಷಣದ ಹೊಣೆ ನನ್ನ ಹೆಗಲಿಗೆ ಬಂತು.

ನಮ್ಮದು ಆಟದ ಸೀಮೆ. ಬಯಲಾಟದ ರಾಣಿಯನ್ನು ನೋಡಿ ಬೆಳೆದ ಕಣ್ಣು ನನ್ನದು. ಕಿರೀಟ, ಭುಜಕೀರ್ತಿ, ಕನ್ನಡಿ ಚೂರುಗಳು ಮಿಂಚುವ ಎದೆಕಟ್ಟು ಇಲ್ಲದಿದ್ದರೆ ಅದೆಂಥ ರಾಣಿ! (ಆ ರಾಣಿಯ ಪಾತ್ರವನ್ನು ಕಟ್ಟುತ್ತಿದ್ದವರು ಮೀಸೆ ಬೋಳಿಸಿಕೊಂಡ ಗಂಡಸರೇ ಎಂಬುದನ್ನು ನಾನಾಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.) ಹರಪನಹಳ್ಳಿಗೆ ಹೋಗಿ, ನಾಟಕದ ಡ್ರೆಸ್ಸುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿಂದ ಕೆಂಪು ಜರಿಯ ಒಂದು ಉಡುಪನ್ನು ಆರಿಸಿ ತಂದೆ. ನುಸಿಗುಳಿಗೆಯ ವಾಸನೆ, ಯಾರ್ಯಾರದೋ ಮುಖದ ಬಣ್ಣದ ಕಲೆ, ಕೈಯಲ್ಲಿ ಹಿಡಿದರೆ ಎರಡು ಸೇರು ಜೋಳದ ಭಾರ. ಕುಪ್ಪಸ ಬೆಳೆದ ಹೆಂಗಸಿನ ಅಳತೆಯದು. ಬೆನ್ನು ಬಹಳ ಇಳಿದಿತ್ತು. ಪಿನ್ನು ಹಾಕಿ ಸರಿಮಾಡಿದರಾಯಿತು ಎಂದುಕೊಂಡೆ.

ತಾಲೀಮಿನ ದಿನ ಅದನ್ನು ತೊಟ್ಟು ಹೊರಬಂದ ಮಗಳು ಎರಡೂ ತೋಳುಗಳನ್ನು ಎದೆಗೆ ಕಟ್ಟಿಕೊಂಡು ನಿಂತಳು. ಬಾಯಿಪಾಠವಾಗಿದ್ದ ಮಾತು ಒಂದೂ ಬರಲಿಲ್ಲ. ರಾಜನ ಪಾತ್ರದ ಹುಡುಗ ನಕ್ಕ. ಹಿಂದೆ ಕುಳಿತಿದ್ದ ಹುಡುಗರೂ ನಕ್ಕರು. ನಾನು ಎಲ್ಲರೆದುರಿಗೇ ಗದರಿದೆ. ಅವಳು ನನ್ನ ಹತ್ತಿರ ಬಂದು ಮೆಲ್ಲನೆ, “ಅಮ್ಮ, ಇದನ್ನ ಹಾಕ್ಕೊಂಡು ನನಗೆ ನಿಲ್ಲೋಕೆ ಆಗ್ತಿಲ್ಲ” ಎಂದಳು. ನಾನು, “ಸ್ಟೇಜಿನ ಮೇಲೆ ಪರವಾಗಿಲ್ಲ ಬಿಡು, ನೀನೀಗ ರಾಣಿ” ಎಂದುಬಿಟ್ಟೆ.

“ರಾಣಿಗೆ ನಾಚಿಕೆ ಇರಲ್ವೇನಮ್ಮ?” ಎಂದು ಕೇಳಿದಳು ಮಗಳು.

ಭಾನುವಾರ ಬೆಳಿಗ್ಗೆ ದುಪಟ್ಟಾ ಸರಿಮಾಡಿಕೋ ಎಂದು ಗದರುವವಳೂ ನಾನೇ, ಇಳಿಬೆನ್ನಿನ ಕುಪ್ಪಸವನ್ನು ಜನರೆದುರು ತೊಡು ಎಂದು ಗದರುವವಳೂ ನಾನೇ. ಎರಡು ಸಲವೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅವಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಸ್ಪೇನ್ ದೇಶದ ರಾಜಕುಮಾರಿ ಲಿಯೊನೋರ್, ಅದೇ ಅಕ್ಟೋಬರ್ 31ರಂದು, ತನಗೆ ಹದಿನೆಂಟು ತುಂಬಿದ ದಿನ, ಅಲ್ಲಿಯ ಸಂಸತ್ತಿನಲ್ಲಿ ಸಂವಿಧಾನಕ್ಕೆ ಪ್ರಮಾಣ ಮಾಡಿದ ಚಿತ್ರ. ಕಿರೀಟವಿಲ್ಲ, ನೆಲ ಗುಡಿಸುವ ನಿಲುವಂಗಿಯಿಲ್ಲ. ಬಿಳಿಯ ಪ್ಯಾಂಟು, ಬಿಳಿಯ ಕೋಟು. “ಇದನ್ನೂ ಅರಮನೆಯವರೇ ಆರಿಸಿ ಕೊಟ್ಟಿರಬಹುದಲ್ಲ?” ಎಂದೆ, ಸೋಲೊಪ್ಪಲು ಮನಸ್ಸಿಲ್ಲದೆ. “ಇರಬಹುದು. ಆದ್ರೆ ಇದರಲ್ಲಿ ನೆಟ್ಟಗೆ ನಿಲ್ಲೋಕಾದ್ರೂ ಆಗ್ತದಲ್ಲಮ್ಮ” ಎಂದು ಹೇಳಿ ಮಲಗಲು ಹೋದಳು.

ನನಗೆ ನಿದ್ದೆ ಬರಲಿಲ್ಲ. ನಾಟಕಕ್ಕೆ ಆಧಾರವಾದ ಗ್ರಂಥವನ್ನೇ ತೆರೆದು ಕುಳಿತೆ. ಓದುಗರೇ, ಎಸ್ತೇರಳ ಗ್ರಂಥವನ್ನು ಉಡುಪಿನ ಕಣ್ಣಿನಿಂದ ನೀವು ಎಂದಾದರೂ ಓದಿದ್ದೀರಾ? ನಾನು ಓದಿರಲಿಲ್ಲ. ಅದು ಪ್ರಾರಂಭವಾಗುವುದೇ ಉಡುಪಿನ ಜಗಳದಿಂದ. ಅಹಷ್ವೇರೋಷ ರಾಜನು ಮದ್ಯದ ಮತ್ತಿನಲ್ಲಿ, ರಾಣಿ ವಷ್ಟಿಯು ಕಿರೀಟ ಧರಿಸಿ ಬಂದು ಜನರಿಗೂ ಅಧಿಕಾರಿಗಳಿಗೂ ತನ್ನ ಸೌಂದರ್ಯವನ್ನು ತೋರಿಸಲೆಂದು ಹೇಳಿಕಳುಹಿಸುತ್ತಾನೆ. ಆಕೆ ಬರುವುದಿಲ್ಲ. ಪಟ್ಟ ಕಳೆದುಕೊಳ್ಳುತ್ತಾಳೆ. ಆ ಸ್ಥಾನಕ್ಕೆ ರಾಜ್ಯದ ಮೂಲೆಮೂಲೆಯಿಂದ ಕನ್ಯೆಯರನ್ನು ಕೂಡಿಹಾಕುತ್ತಾರೆ. ಅವರಲ್ಲೊಬ್ಬಳು ತಂದೆತಾಯಿಯಿಲ್ಲದ ಎಸ್ತೇರಳು. ಹನ್ನೆರಡು ತಿಂಗಳು ಶೃಂಗಾರ: ಆರು ತಿಂಗಳು ರಕ್ತಬೋಳದ ಎಣ್ಣೆ, ಆರು ತಿಂಗಳು ಸುಗಂಧ ದ್ರವ್ಯ. ರಾಜನ ಬಳಿಗೆ ಹೋಗುವ ಕನ್ಯೆಗೆ ತಾನು ಬಯಸಿದ್ದನ್ನು ಕೇಳಿ ಪಡೆಯುವ ಅವಕಾಶವಿತ್ತು. ಎಸ್ತೇರಳು ಮಾತ್ರ, ಅಂತಃಪುರದ ಪಾಲಕ ಹೇಗೈ ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಇದನ್ನು ನಾವು ಇಷ್ಟು ದಿನ ಅವಳ ವಿನಯವೆಂದು ಹೊಗಳಿದ್ದೇವೆ. ಆ ರಾತ್ರಿ ನನಗೆ ಬೇರೆ ರೀತಿ ಕಂಡಿತು. ತನ್ನವರು ಯಾರೂ ಇಲ್ಲದ ಮನೆಯಲ್ಲಿ ಎಳೆಯ ಹೆಣ್ಣು ಇನ್ನೇನು ಕೇಳಿಯಾಳು!

ನಮ್ಮ ಕಥೋಲಿಕ ಬೈಬಲಿನಲ್ಲಿ ಈ ಗ್ರಂಥಕ್ಕೆ ಗ್ರೀಕ್ ಭಾಷೆಯ ಕೆಲವು ಭಾಗಗಳು ಸೇರಿವೆ. ಅವುಗಳಲ್ಲಿ ಎಸ್ತೇರಳ ಪ್ರಾರ್ಥನೆಯೊಂದಿದೆ. ತನ್ನ ಜನರಿಗೆ ಮರಣದಂಡನೆ ಬಂದಾಗ ಅವಳು ರಾಜವಸ್ತ್ರಗಳನ್ನು ತೆಗೆದಿಟ್ಟು, ಶೋಕದ ಬಟ್ಟೆ ಉಟ್ಟು, ಸುಗಂಧದ ಬದಲು ತಲೆಗೆ ಬೂದಿ ಸುರಿದುಕೊಂಡು ದೇವರೆದುರು ಕೂರುತ್ತಾಳೆ. ಆಗ ಅವಳು ಹೇಳುವ ಒಂದು ಮಾತಿನ ಸಾರ ಇದು: ಜನರೆದುರು ಕಾಣಿಸಿಕೊಳ್ಳುವ ದಿನಗಳಲ್ಲಿ ತನ್ನ ತಲೆಯ ಮೇಲಿರುವ ಆ ಗೌರವಚಿಹ್ನೆ ತನಗೆ ಮೈಲಿಗೆಯ ಬಟ್ಟೆಯಂತೆ ಹೇಸಿಗೆ, ಏಕಾಂತದ ದಿನಗಳಲ್ಲಿ ತಾನದನ್ನು ಧರಿಸುವುದೇ ಇಲ್ಲ. ಕಿರೀಟ ತೊಟ್ಟವಳ ಬಾಯಿಂದಲೇ ಬಂದ ಮಾತಿದು. ಇಷ್ಟು ವರ್ಷ ಪೂಜೆಯಲ್ಲಿ ಅವಳ ಹೆಸರು ಕೇಳಿಯೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಮೂರನೆಯ ದಿನ ಅವಳು ಮತ್ತೆ ರಾಜವಸ್ತ್ರ ತೊಡುತ್ತಾಳೆ. ಈ ಸಲ ತೊಡಿಸಿದವರು ಯಾರೂ ಇಲ್ಲ, ಹೇಗೈ ಇಲ್ಲ, ರಾಜನ ಕರೆಯೂ ಇಲ್ಲ. ಕರೆಯದೆ ಒಳಗೆ ಹೋದವರಿಗೆ ಮರಣವೆಂದು ತಿಳಿದಿದ್ದೂ, ತನ್ನ ಜನರಿಗಾಗಿ, ತಾನೇ ತೊಟ್ಟು ಹೊರಟಳು. ಒಬ್ಬ ದಾಸಿಯ ಮೇಲೆ ಒರಗಿಕೊಂಡು, ಇನ್ನೊಬ್ಬ ದಾಸಿ ಹಿಂದಿನಿಂದ ಸೆರಗನ್ನು ಎತ್ತಿಹಿಡಿದು ಬರುತ್ತಿರಲು, ಒಳಗೊಳಗೇ ಭಯದಿಂದ ಹೆಪ್ಪುಗಟ್ಟಿ. ಅದೇ ಅರಮನೆ, ಅದೇ ಬಗೆಯ ವಸ್ತ್ರ. ನಾನು ಹರಪನಹಳ್ಳಿಯಿಂದ ತಂದ ಉಡುಪು ಎರಡನೆಯ ಅಧ್ಯಾಯದ್ದಾಗಿತ್ತು. ಮಗಳು ಆಡಬೇಕಾದ ದೃಶ್ಯ ಐದನೆಯ ಅಧ್ಯಾಯದ್ದು.

ರಾಜಪುತ್ರಿಯರ ಉಡುಪಿನ ಮಾತು ಬೈಬಲಿನಲ್ಲಿ ಇನ್ನೊಂದು ಕಡೆ ಬರುತ್ತದೆ, ಎರಡನೆಯ ಸಮುವೇಲ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ. ದಾವೀದನ ಮಗಳು ತಾಮಾರಳು ತೊಟ್ಟಿದ್ದು ವಿಶೇಷವಾದ ನಿಲುವಂಗಿ. ಅರಸನ ಕನ್ಯೆಯರು ತೊಡುತ್ತಿದ್ದದ್ದೇ ಅಂಥದ್ದು ಎಂದು ಗ್ರಂಥಕರ್ತನು ನಿಂತು ವಿವರಿಸುತ್ತಾನೆ. ಅಷ್ಟು ಮರ್ಯಾದೆಯ ಉಡುಪು ತೊಟ್ಟವಳನ್ನು ಮಲಸಹೋದರ ಅಮ್ನೋನನೇ ಕೆಡಿಸಿದ. ಅವಳು ಆ ನಿಲುವಂಗಿಯನ್ನು ಹರಿದುಕೊಂಡು, ತಲೆಯ ಮೇಲೆ ಬೂದಿ ಹಾಕಿಕೊಂಡು, ಗೋಳಿಡುತ್ತ ಹೋದಳು. ಮೈತುಂಬ ಬಟ್ಟೆಯಿದ್ದರೆ ಹೆಣ್ಣುಮಕ್ಕಳಿಗೆ ಅಪಾಯವಿಲ್ಲವೆಂದು ಭಾನುವಾರ ಭಾನುವಾರ ಭಾಷಣ ಮಾಡುವ ನನ್ನಂಥವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ನಾಡಿನದೇ ಒಬ್ಬ ರಾಜಕುಮಾರಿಯ ಚಿತ್ರ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿರಬೇಕು. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕಿತ್ತುಕೊಂಡು ಆ ಅರಸನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಹುಡುಗಿಗೆ ಆಗ ಸುಮಾರು ಹನ್ನೊಂದು ವರ್ಷ. ಅದೇ ವರ್ಷ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಅವಳಿಗೆ ಜ್ಞಾನಸ್ನಾನ ಕೊಟ್ಟರು. ಜ್ಞಾನಮಾತೆಯಾಗಿ ನಿಂತವರು ವಿಕ್ಟೋರಿಯಾ ರಾಣಿ. ಹೆಸರೂ ವಿಕ್ಟೋರಿಯಾ ಗೌರಮ್ಮ ಎಂದಾಯಿತು.

ರಾಣಿಯ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಆ ವರ್ಷವೇ ಅವಳ ಚಿತ್ರ ಬರೆದ. ಚಿತ್ರದಲ್ಲಿ ಗೌರಮ್ಮ ಭಾರತದ ಉಡುಪಿನಲ್ಲಿ, ಒಡವೆ ತೊಟ್ಟು ನಿಂತಿದ್ದಾಳೆ. ಕೈಯಲ್ಲಿ ಬೈಬಲ್. ಮೊದಲ ಸಲ ಅದರ ಪ್ರತಿಯನ್ನು ಕಂಡಾಗ ನನಗೆ ಸಂತೋಷವಾಗಿತ್ತು, ನಮ್ಮ ಕೊಡಗಿನ ಹುಡುಗಿಯ ಕೈಯಲ್ಲಿ ನಮ್ಮ ಗ್ರಂಥ ಎಂದು. ಈಗ ಯೋಚಿಸಿದರೆ, ಆ ಸೀರೆ-ಒಡವೆಗಳಿಗೂ ಆ ಪುಸ್ತಕಕ್ಕೂ ಒಂದು ಲೆಕ್ಕಾಚಾರದ ನಂಟಿದೆ. ಇಂಗ್ಲಿಷ್ ಗೌನು ತೊಟ್ಟ ಹುಡುಗಿ ಬೈಬಲ್ ಹಿಡಿದರೆ ನೋಡುವವರಿಗೆ ಅದರಲ್ಲೇನೂ ವಿಶೇಷವಿಲ್ಲ. ಅವಳು ಎಲ್ಲಿಂದ ಬಂದವಳೆಂದು ಉಡುಪು ಹೇಳಬೇಕು, ಎಲ್ಲಿಗೆ ಬಂದಳೆಂದು ಪುಸ್ತಕ ಹೇಳಬೇಕು. ಹನ್ನೊಂದು ವರ್ಷದ ಮಗು ಒಂದು ಸಾಮ್ರಾಜ್ಯದ ಸಮಾಚಾರವನ್ನು ಮೈಮೇಲೆ ಹೊತ್ತು ನಿಂತಿದೆ. ಆ ಮಗುವಿನ ವಿಶ್ವಾಸವನ್ನು ತೂಗುವ ತಕ್ಕಡಿ ನನ್ನ ಬಳಿಯಿಲ್ಲ. ಅದು ನಿಜವೇ ಆಗಿದ್ದಿರಬಹುದು. ಚಿತ್ರ ಮಾತ್ರ ಅವಳಿಗಾಗಿ ಬರೆದದ್ದಲ್ಲ.

ಆಮೇಲೆ ಅವಳು ಬೆಳೆದದ್ದು ತಂದೆಯಿಂದ ದೂರ, ಇಂಗ್ಲಿಷರ ಮನೆಗಳಲ್ಲಿ. ಅದೇ ರೀತಿ ರಾಜ್ಯ ಕಳೆದುಕೊಂಡು ಕ್ರೈಸ್ತನಾಗಿದ್ದ ಪಂಜಾಬಿನ ದುಲೀಪ್ ಸಿಂಗನೊಡನೆ ಅವಳ ಮದುವೆ ಮಾಡಬೇಕೆಂಬುದು ರಾಣಿಯ ಆಸೆಯಾಗಿತ್ತು, ಅವನು ಒಪ್ಪಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾದಳು. ಒಂದು ಹೆಣ್ಣುಮಗುವಾಯಿತು. 1864ರಲ್ಲಿ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಎಲ್ಲ ಪ್ರದರ್ಶನವೂ ಕೆಟ್ಟದ್ದೆಂದು ನಾನು ಹೇಳಲಾರೆ. ಮೈಸೂರಿನ ಅರಮನೆಯ ಸ್ತ್ರೀಯರದೊಂದು ಚಿತ್ರವಿದೆ, 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದದ್ದೆಂದು ಹೇಳುತ್ತಾರೆ. ಅದರಲ್ಲಿ ಎಳೆಯ ರಾಣಿಯೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರ ಪ್ರಕಾರ ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಲಸಿಕೆ ಭಾರತಕ್ಕೆ ಬಂದು ಆಗಿನ್ನೂ ಮೂರು ವರ್ಷ. ಜನ ಹೆದರುತ್ತಿದ್ದ ಕಾಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೇ ಆಗ ಹನ್ನೆರಡರ ಆಸುಪಾಸು, ರಾಣಿಗೂ ಹೆಚ್ಚುಕಡಿಮೆ ಅಷ್ಟೇ. ಪರಪುರುಷರೆದುರು ಬಾರದ ಅಂತಃಪುರದ ಹುಡುಗಿ ಹಾಗೆ ತೋಳು ತೋರಿಸಿ ನಿಂತದ್ದರಿಂದ ಎಷ್ಟೋ ತಾಯಂದಿರು ಧೈರ್ಯ ತಂದುಕೊಂಡಿದ್ದರೆ ಅದು ಪುಣ್ಯದ ಕೆಲಸವೇ. ಆದರೂ, ಸೆರಗು ಸರಿಸು ಎಂದು ಅವಳಿಗೆ ಹೇಳಿದವರು ಯಾಕೆಂದು ಕೂತು ವಿವರಿಸಿದ್ದರೆ ಎಷ್ಟು ಚೆನ್ನು ಎಂದು ನನ್ನ ತಾಯಿಮನಸ್ಸು ಬಯಸುತ್ತದೆ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದು ಕೂರಿಸಿಕೊಂಡೆ. ಎಲ್ಲರೆದುರು ಗದರಿದ್ದು ತಪ್ಪೆಂದು ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ, ನಮ್ಮಲ್ಲಿ ತಾಯಂದಿರು ಮಕ್ಕಳ ಕ್ಷಮೆ ಕೇಳುವ ಪದ್ಧತಿಯಿಲ್ಲ. ಎಸ್ತೇರಳ ಪ್ರಾರ್ಥನೆಯನ್ನು ಅವಳಿಗೇ ಓದಲು ಕೊಟ್ಟೆ. ಕಿರೀಟದ ಮಾತು ಬಂದಾಗ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ, “ನೀನೇ ಹೇಳು, ನಿನ್ನ ಎಸ್ತೇರಳು ಏನು ಉಡುತ್ತಾಳೆ?” ಎಂದು ಕೇಳಿದೆ.

ಅವಳು ಬಹಳ ಹೊತ್ತು ಯೋಚಿಸಲಿಲ್ಲ. ಪ್ರಾರ್ಥನೆಯ ದೃಶ್ಯಕ್ಕೆ ಮನೆಯ ಹಳೆಯ ಗೋಣಿಬಣ್ಣದ ಹೊದಿಕೆ. ಮೂರನೆಯ ದಿನದ ದೃಶ್ಯಕ್ಕೆ ಅಜ್ಜಿಯ ಇಳಕಲ್ ಸೀರೆ, ಕೆಂಪು ಸೆರಗಿನದು, ಜೊತೆಗೆ ತನ್ನದೇ ಉದ್ದ ತೋಳಿನ ಕುಪ್ಪಸ. ಕಿರೀಟ ಬೇಡವೆಂದಳು. “ಅದಿಲ್ಲದೆ ಜನಕ್ಕೆ ರಾಣಿ ಅಂತ ಗೊತ್ತಾಗೋದು ಹೆಂಗೆ?” ಎಂದರು ನಮ್ಮ ಅತ್ತೆಯವರು, ಸೀರೆಯ ಒಡತಿ. “ನಾನು ಮಾತಾಡಿದ್ಮೇಲೆ ಗೊತ್ತಾಗ್ತದೆ ಅಜ್ಜಿ” ಎಂದಳು. ಹಡಗಲಿಯಿಂದ ಬಂದವರು ತಂದಿದ್ದ ಮಲ್ಲಿಗೆಯನ್ನು ಮಾತ್ರ ಬೇಡವೆನ್ನಲಿಲ್ಲ. ನಮ್ಮ ಸೀಮೆಯ ಯಾವ ಹೆಣ್ಣುಮಗಳು ತಾನೇ ಅದನ್ನು ಬೇಡವೆಂದಾಳು.

ಸೀರೆಯನ್ನು ತಾನೇ ಉಟ್ಟಳು. ಚೆನ್ನಾಗಿ ಉಡಲಿಲ್ಲ. ನಿರಿಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ನನ್ನ ಕೈ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆಳೆದುಕೊಂಡೆ. ಅವಳು ಕರೆಯದೆ ಒಳಗೆ ಬಂದ ರಾಣಿಯಾಗಿ ರಂಗದ ನಡುವೆ ನಿಂತಾಗ ತೋಳುಗಳು ಎದೆಗೆ ಕಟ್ಟಿಕೊಂಡಿರಲಿಲ್ಲ, ಪಕ್ಕಕ್ಕೆ ಇಳಿಬಿದ್ದಿದ್ದವು. ಒಂದು ಮಾತನ್ನು ಮರೆತಳು. ಮರೆತು, ತಾನೇ ಏನೋ ಕೂಡಿಸಿ ಹೇಳಿದಳು. ರಾಜನ ಪಾತ್ರದ ಹುಡುಗ ನಗಲಿಲ್ಲ. ಅವನಿಗೆ ತನ್ನ ಮಾತೇ ಮರೆತುಹೋಗಿತ್ತು.

ಹಬ್ಬ ಮುಗಿದ ಮೇಲೆ ಜರಿಯ ಉಡುಪನ್ನು ಹಿಂದಿರುಗಿಸಲು ಹರಪನಹಳ್ಳಿಗೆ ಹೋದೆ. ಅಂಗಡಿಯವರು ಅದನ್ನು ಬಿಚ್ಚಿ, ಕಲೆಯೇನಾದರೂ ಆಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. “ಯಾರೂ ಹಾಕ್ಕೊಂಡೇ ಇಲ್ಲೇನ್ರಿ ಇದನ್ನ?” ಎಂದು ಕೇಳಿದರು. ಇಲ್ಲವೆಂದೆ. ಬಾಡಿಗೆಯನ್ನು ಮಾತ್ರ ಪೂರ್ತಿ ತೆಗೆದುಕೊಂಡರು.