ಸಮುದ್ರದಡಿಯ ಕರೆಂಟು ಮತ್ತು ನನ್ನದೊಂದು ತಪ್ಪು ಉತ್ತರ

ಹತ್ತನೇ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಡೆಯುತ್ತಿತ್ತು. ಮಾತಿನ ನಡುವೆ, ರೇಡಿಯೋ ಅಲೆಗಳು ಸಮುದ್ರದೊಳಗೆ ಹೋಗುವುದಿಲ್ಲ, ಉಪ್ಪುನೀರು ಅವನ್ನು ನುಂಗಿಬಿಡುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನಪ್ಪ ದೋಣಿಗೆ ಹೋಗುವವರು.

"ಸರ್, ಹಾಗಾದ್ರೆ ಕರೆಂಟ್ ಬಿಟ್ಟು ಸಮುದ್ರದ ಅಡಿಯಲ್ಲಿ ಎಂತ ಉಂಟೂಂತ ನೋಡ್ಲಿಕ್ಕೆ ಆಗುದಿಲ್ವಾ?"

"ಇಲ್ಲ ಮಾರಾಯ, ಅದಕ್ಕೆ ಶಬ್ದದ ಅಲೆಯೇ ಆಗ್ಬೇಕು" ಎಂದು ಕೂರಿಸಿದೆ.

ರಾತ್ರಿ ಯಾಕೋ ಸಮಾಧಾನವಾಗದೆ ಹುಡುಕಿ ಓದಿದರೆ, ತಪ್ಪು ನನ್ನದೇ!

ನಮ್ಮೂರಲ್ಲಿ ಬೋರ್‌ವೆಲ್ ಕೊರೆಯುವ ಮುಂಚೆ ನೀರು ನೋಡುವುದನ್ನು ನೀವೂ ಕಂಡಿರಬಹುದು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರ ಮಾತಲ್ಲ. ನಾಲ್ಕು ಕಬ್ಬಿಣದ ಸರಳು ನೆಟ್ಟು, ಎರಡರಿಂದ ಕರೆಂಟು ಬಿಟ್ಟು, ಉಳಿದೆರಡರಲ್ಲಿ ವೋಲ್ಟೇಜ್ ಅಳೆಯುತ್ತಾರಲ್ಲ, ಅದು. ಒಣ ಬಂಡೆ ಕರೆಂಟನ್ನು ತಡೆಯುತ್ತದೆ, ನೀರಿರುವ ಕಲ್ಲು ಬಿಟ್ಟುಕೊಡುತ್ತದೆ.

ಕಡಲಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ತಳದ ಮಣ್ಣು, ಕಲ್ಲುಗಳ ಸಂದಿಯಲ್ಲೆಲ್ಲ ಉಪ್ಪುನೀರೇ. ಕರೆಂಟು ಸಲೀಸಾಗಿ ಹರಿಯುತ್ತದೆ. ಆ ನೀರಿನ ಜಾಗದಲ್ಲಿ ಎಣ್ಣೆಯೋ ಅನಿಲವೋ ತುಂಬಿದ್ದರೆ ಮಾತ್ರ ತಡೆ. ಹುಡುಕುವುದು ಆ ತಡೆಯನ್ನು.

ಹಾಗಾದರೆ ಉಪ್ಪುನೀರು ಅಲೆಯನ್ನು ನುಂಗುವುದಿಲ್ಲವೇ? ನುಂಗುತ್ತದೆ, ಆದರೆ ಎಷ್ಟು ಎಂಬುದು ಆವೃತ್ತಿಯ ಮೇಲೆ ನಿಂತಿದೆ. ಸೆಕೆಂಡಿಗೆ 10 ಲಕ್ಷ ಸಲ ಕಂಪಿಸುವ ರೇಡಿಯೋ ಅಲೆ ಒಂದು ಅಡಿ ಹೋಗುವಷ್ಟರಲ್ಲೇ ಸೊರಗಿ ಸುಮಾರು ಮೂರನೇ ಒಂದಂಶಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಒಂದೇ ಸಲ ಕಂಪಿಸುವ ಅಲೆ ಅಷ್ಟು ಸೊರಗಲು ಸುಮಾರು 270 ಮೀಟರ್ ಹೋಗಬೇಕು. ಕರೆಂಟನ್ನು ತಡೆಯುವ ಕಲ್ಲಿನೊಳಗಾದರೆ ಇನ್ನೂ ದೂರ ಸಾಗುತ್ತದೆ. ನಾನು ಮರೆತದ್ದು ಇದನ್ನೇ.

ಹಡಗಿನಿಂದ ಉದ್ದದ ಕೇಬಲ್ ಇಳಿಸಿ, ತಳದಿಂದ ಕೆಲವೇ ಹತ್ತು ಮೀಟರ್ ಮೇಲೆ ಎಳೆಯುತ್ತಾ ನೂರಾರು ಆಂಪಿಯರ್ ಕರೆಂಟು ಹರಿಸುತ್ತಾರೆ. ಕಾಂಕ್ರೀಟ್ ಭಾರ ಕಟ್ಟಿ ಮೊದಲೇ ತಳದಲ್ಲಿ ಕೂರಿಸಿದ ಉಪಕರಣಗಳು ಅದನ್ನು ದಾಖಲಿಸುತ್ತವೆ. ಕೆಲಸ ಮುಗಿದ ಮೇಲೆ ಶಬ್ದದ ಸಂಕೇತ ಕೊಟ್ಟರೆ ಭಾರ ಕಳಚಿಕೊಂಡು ತೇಲಿ ಬರುತ್ತವೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಚಾರ್ಲ್ಸ್ ಕಾಕ್ಸ್ ಮೊದಲಾದವರು ಬೆಳೆಸಿದ ಈ ವಿಧಾನವನ್ನು 2000ದಲ್ಲಿ ನಾರ್ವೆಯ ಸ್ಟಾಟಾಯಿಲ್ ಕಂಪೆನಿ ಅಂಗೋಲಾದ ಕಡಲಲ್ಲಿ ಎಣ್ಣೆಯಿದೆಯೆಂದು ಮೊದಲೇ ಗೊತ್ತಿದ್ದ ಜಾಗದ ಮೇಲೆ ಪರೀಕ್ಷಿಸಿ ನೋಡಿತು.

ನಮ್ಮ ಕಡಲಿಗೂ ಇದಕ್ಕೂ ಏನು ಸಂಬಂಧ ಅಂತೀರಾ? 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಗ್ಯಾಸ್ ಹೈಡ್ರೇಟ್, ಅಂದರೆ ಮಂಜುಗಡ್ಡೆಯಂಥ ರೂಪದಲ್ಲಿ ಸೆರೆಯಾದ ಮೀಥೇನ್, ಹುಡುಕಿಕೊಂಡು ಭಾರತದ ಸುತ್ತ ಬಂದಿತ್ತು. ಅದು ಕೊರೆದ ಜಾಗಗಳಲ್ಲಿ ಒಂದು, ನಮ್ಮ ಪಡುವಣ ಕಡಲಿನ ಕೇರಳ-ಕೊಂಕಣ ಪ್ರದೇಶದಲ್ಲಿತ್ತು. ಶಬ್ದದ ಪ್ರತಿಧ್ವನಿ ನೋಡಿ ಹೈಡ್ರೇಟ್ ಇರಬಹುದೆಂದು ಎಣಿಸಿದ್ದರು. ಎರಡೂವರೆ ಸಾವಿರ ಮೀಟರಿಗೂ ಆಳದ ನೀರಿನಡಿ ತಳವನ್ನು 290 ಮೀಟರ್ ಕೊರೆದಾಗ ಸಿಕ್ಕಿದ್ದು ಸುಣ್ಣದಂಶ ತುಂಬಿದ ಕೆಸರು, ಹೈಡ್ರೇಟ್ ಇರಲಿಲ್ಲ. ಅದೇ ಯಾತ್ರೆಯಲ್ಲಿ ಕೃಷ್ಣಾ-ಗೋದಾವರಿ ಕಡಲಲ್ಲಿ ಧಾರಾಳ ಸಿಕ್ಕಿತು.

ಶಬ್ದ ಪದರಗಳ ಆಕಾರ ತೋರಿಸುತ್ತದೆ, ಒಳಗೆ ತುಂಬಿರುವುದೇನೆಂದು ಖಚಿತವಾಗಿ ಹೇಳಲಾರದು. ಕರೆಂಟಿನ ಪರೀಕ್ಷೆಯನ್ನೂ ಸೇರಿಸಿಕೊಂಡರೆ ಊಹೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿ ಸುಣ್ಣಕಲ್ಲು, ಉಪ್ಪಿನ ಪದರ ಕೂಡ ಕರೆಂಟನ್ನು ತಡೆಯುವುದರಿಂದ ಅದೂ ಮೋಸಹೋಗಬಹುದು. ಕೊನೆಗೆ ಕೊರೆದೇ ನೋಡಬೇಕು, ನಮ್ಮ ಬೋರ್‌ವೆಲ್ ಹಾಗೆಯೇ.

ಮರುದಿನ ತರಗತಿಗೆ ಹೋದವನೇ "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಆ ಹುಡುಗ ಮಾತ್ರ ನಗಲಿಲ್ಲ, ನೋಟ್ ಪುಸ್ತಕ ತೆಗೆದು ಬರೆದುಕೊಂಡ.

ಇಂಥ ವಿಷಯ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಓದಲು ಸಿಗುವುದು ಅಪರೂಪ. ಮಾಸ್ತರು "ಇಲ್ಲ" ಅಂದರೆ ಅವರ ಪಾಲಿಗೆ ಇಲ್ಲವೇ ಇಲ್ಲ. ಅದಕ್ಕೇ, ಗೊತ್ತಿಲ್ಲದಾಗ "ನಾಳೆ ನೋಡಿ ಹೇಳ್ತೇನೆ" ಅನ್ನುವ ಅಭ್ಯಾಸ ಈಗ ಶುರು ಮಾಡಿದ್ದೇನೆ. ನಾಳೆ ನೋಡಿ ಹೇಳಬೇಕು, ಅಷ್ಟೇ.