ಆಕಾಶದ ದಾರಿ, ನೆಲದ ದಾರಿ

ಕಳೆದ ಮಾಸದಲ್ಲಿ ಒಂದು ಸಂಜೆ ನಾವು ಹತ್ತು ವರ್ಷದ ಮೊಮ್ಮಗನೊಡನೆ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಮಾರಿಕುಪ್ಪದ ಗಾಡಿಗಾಗಿ ಕಾದು ಕುಳಿತಿದ್ದೆವು. ಕತ್ತಲು ಕವಿದಿತ್ತು. ವಿಮಾನವೊಂದು ದೀಪ ಮಿನುಗಿಸುತ್ತ ತಲೆಯ ಮೇಲೆ ಹಾದುಹೋಯಿತು. "ತಾತ, ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಎಷ್ಟು ದೂರ? ಎಷ್ಟು ಹೊತ್ತು?" ಎಂದು ಹುಡುಗನು ಕೇಳಿದನು. ಕೆಲಸದಿಂದ ನಿವೃತ್ತರಾದರೂ ಪಾಠ ಹೇಳುವ ಚಟವು ನಮ್ಮನ್ನು ಬಿಟ್ಟಿಲ್ಲವಷ್ಟೆ.

ದೇವನಹಳ್ಳಿಯ ವಿಮಾನನಿಲ್ದಾಣದಿಂದ ಮೀನಂಬಾಕದ ನಿಲ್ದಾಣಕ್ಕೆ ಆಕಾಶದ ನೇರದಲ್ಲಿ ಸುಮಾರು 270 ಕಿಲೋಮೀಟರು. ಪ್ರಯಾಣಕಾಲ ಹೆಚ್ಚು ಕಡಿಮೆ ಒಂದು ಗಂಟೆ. ರೈಲು ಹಳಿಯ ಮೇಲಾದರೋ ದೂರವು 360 ಕಿಲೋಮೀಟರಿನಷ್ಟಾಗುವುದು. ಹಳಿಯು ಮೊದಲು ಆಗ್ನೇಯಕ್ಕೆ ಜೋಲಾರಪೇಟೆಗಿಳಿದು, ಅಲ್ಲಿಂದ ಈಶಾನ್ಯಕ್ಕೆ ತಿರುಗುವುದೇ ಇದಕ್ಕೆ ಕಾರಣ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಕಂಬದ ಮೇಲಿನ ನವಿಲು ಹಾವಿನತ್ತ ಕರ್ಣರೇಖೆಯಲ್ಲಿ ಎರಗುವ ಲೆಕ್ಕವೊಂದಿದೆ. ವಿಮಾನದ ದಾರಿಯೂ ಕರ್ಣದ ದಾರಿಯೇ. ರೈಲು ಮಾತ್ರ ತ್ರಿಕೋಣದ ಎರಡು ಭುಜಗಳನ್ನೂ ಸವೆಸಬೇಕು.

"ಹಾಗಾದರೆ ನಾವೂ ವಿಮಾನದಲ್ಲೇ ಹೋಗೋಣ" ಎಂದನು. ಮನೆಯ ಬಾಗಿಲಿನಿಂದ ಎಣಿಸು ಎಂದೆವು. ಬಂಗಾರಪೇಟೆಯಿಂದ ದೇವನಹಳ್ಳಿಗೆ ಎರಡು ಗಂಟೆ, ಅಲ್ಲಿ ಕಾಯಲು ಎರಡು ಗಂಟೆ, ಹಾರಲು ಒಂದು, ಇಳಿದು ಚೆನ್ನೈ ಪಟ್ಟಣ ಸೇರಲು ಇನ್ನೊಂದು, ಒಟ್ಟು ಆರು. ಬಂಗಾರಪೇಟೆಯಲ್ಲೇ ರೈಲು ಹತ್ತಿದವನು ಸುಮಾರು ಐದು ಗಂಟೆಯಲ್ಲಿ ಚೆನ್ನೈ ಮುಟ್ಟುವನು. ಹುಡುಗನು ಬೆರಳು ಮಡಚಿ ಎಣಿಸಿ ಸುಮ್ಮನಾದನು.

ಅಷ್ಟರಲ್ಲಿ ಬೆಂಗಳೂರಿನಿಂದ ಗಾಡಿ ಬಂದಿತು. ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದ ಈ ಊರಿನಿಂದ ಮಾರಿಕುಪ್ಪಕ್ಕೆ ಸುಮಾರು 16 ಕಿಲೋಮೀಟರು. ಚಿನ್ನದ ಗಣಿಗಳಿಗಾಗಿ 1894ರಲ್ಲಿ ಹಾಕಿದ ಕವಲುದಾರಿಯಿದು. ಬೋಗಿಯ ತುಂಬ ದುಡಿದು ಬಳಲಿದ ಜನ. ಹಲವರು ಕುಳಿತಲ್ಲೇ ನಿದ್ರಿಸುತ್ತಿದ್ದರು. ನಮ್ಮ ಹಳೆಯ ಶಿಷ್ಯನೊಬ್ಬನು ಗುರುತು ಹಿಡಿದು, ಎದ್ದು, ಸ್ಥಳ ಬಿಟ್ಟುಕೊಟ್ಟನು.

"ನಮ್ಮಪ್ಪ ಚಾಂಪಿಯನ್ ರೀಫಿನಲ್ಲಿದ್ದರು ಮೇಷ್ಟ್ರೇ. ಕೇಜಿನಲ್ಲಿ ಪಾತಾಳಕ್ಕಿಳಿದರೂ ಪಾಳಿ ಮುಗಿದರೆ ನಡೆದೇ ಮನೆಗೆ ಬರುತ್ತಿದ್ದರು. ನನಗೆ ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ. ಬೆಳಿಗ್ಗೆ ಮಗಳು ಏಳುವ ಮುಂಚೆ ಹೊರಡುತ್ತೇನೆ. ರಾತ್ರಿ ಗಾಡಿ ತಡವಾದರೆ ಅವಳು ಮಲಗಿಬಿಟ್ಟಿರುತ್ತಾಳೆ" ಎಂದನು.

ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ್ದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಈ ಗಣಿಗಳನ್ನು ಮುಟ್ಟಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಎಷ್ಟೋ ಮನೆಗಳ ಅನ್ನವು ಈ ಗಾಡಿಯ ವೇಳೆಯನ್ನು ನಂಬಿಕೊಂಡಿದೆ. ಬೆಂಗಳೂರಿಗೆ ಹೋಗಿಬರುವ ದಾರಿ ದಿನಕ್ಕೆ 170 ಕಿಲೋಮೀಟರು.

ಮೊಮ್ಮಗನು ಮತ್ತೆ ಬೆರಳು ಮಡಚತೊಡಗಿದ್ದನು. "ದಿನಕ್ಕೆ ಐದು ಗಂಟೆ, ಆರು ದಿನಕ್ಕೆ ಮೂವತ್ತು. ತಾತ, ವಾರದಲ್ಲಿ ಒಂದು ಹಗಲು, ಒಂದು ರಾತ್ರಿ, ಮೇಲೆ ಆರು ಗಂಟೆ ಈ ಮಾಮ ಗಾಡಿಯಲ್ಲೇ ಇರುತ್ತಾರೆ!" ಎಂದನು. ಲೆಕ್ಕ ಸರಿಯಾಗಿತ್ತು. ಶಿಷ್ಯನು ನಕ್ಕು ಅವನ ತಲೆ ಸವರಿದನು.

ಕಿಟಕಿಯಾಚೆ ಗಣಿಯ ಮಣ್ಣಿನ ದಿಬ್ಬಗಳು ಕತ್ತಲಲ್ಲಿ ಕಪ್ಪಗೆ ತೋರಿದವು. ಊರಿಗಾಂ ನಿಲ್ದಾಣದಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಆತನು ಬಾಗಿಲಿಗೆ ಧಾವಿಸಿದನು. "ಹೊರಡುತ್ತೇನೆ ಮೇಷ್ಟ್ರೇ, ಇಂದು ಗಾಡಿ ಸಮಯಕ್ಕೆ ಬಂದಿದೆ" ಎಂದು ಕೈಮುಗಿದು ಇಳಿದನು. ಮಗಳು ಎಚ್ಚರವಾಗಿರಲಿ ಎಂದು ನಾವು ಮನಸ್ಸಿನಲ್ಲೇ ಹರಸಿದೆವು.