ಅಜ್ಜಿಯ ನೋವು ಹತ್ತಕ್ಕೆ ಎಷ್ಟು?

ಲ್ಯಾಬ್ ರೆಕಾರ್ಡ್‌ನಲ್ಲಿ 'ಆಬ್ಜೆಕ್ಟಿವ್' ಅಂದ್ರೆ ಉದ್ದೇಶ. ಸಿಇಟಿಯಲ್ಲಿ ನಾಲ್ಕು ಆಯ್ಕೆ, ಒಂದು ಉತ್ತರ. ಮೈಕ್ರೋಸ್ಕೋಪಿನಲ್ಲಿ, ನೋಡುವ ವಸ್ತುವಿನ ಕಡೆಗಿರುವ ಲೆನ್ಸ್. ಇನ್ನೊಂದು ಅರ್ಥಕ್ಕೆ ಕನ್ನಡದಲ್ಲಿ 'ವಸ್ತುನಿಷ್ಠ' ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದು ಗೊತ್ತಾಗಿದ್ದು ಈ ವರ್ಷ, ಹಲಸೂರಿನ ನಮ್ಮಜ್ಜಿಯಿಂದ.

ಅಜ್ಜಿಗೆ ಶುಗರ್ ಇದೆ. ಪಾದ ನೋವು ಅಂತ ಶಿವಾಜಿನಗರದ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. "ನೋವು ಹತ್ತಕ್ಕೆ ಎಷ್ಟು?" ಅಂದ್ರು ಡಾಕ್ಟರ್. "ಸೂಜಿ ಚುಚ್ಚಿದ ಹಾಗೆ ಕಣಪ್ಪ, ರಾತ್ರಿ ಉರಿ..." ಅಂತ ಅಜ್ಜಿ ಶುರು ಮಾಡಿದ್ರು. ನಾನು ಅವಸರದಲ್ಲಿ "ಐದು" ಅಂದುಬಿಟ್ಟೆ. ಎಕ್ಸ್‌ರೇ ನಾರ್ಮಲ್ ಬಂತು.

ಆಟೋದಲ್ಲಿ "ಏನೂ ಇಲ್ವಂತೆ ಅಜ್ಜಿ" ಅಂದೆ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಓದಿದೆ. ಡಾಕ್ಟರುಗಳು ಬರೆಯುವ 'ಸೋಪ್' ನೋಟಿನಲ್ಲಿ ಮೊದಲು ಬರೋದು ಎಸ್, ಅಂದ್ರೆ ಸಬ್ಜೆಕ್ಟಿವ್: ರೋಗಿ ಹೇಳಿದ್ದು. ಆಮೇಲೆ ಓ, ಆಬ್ಜೆಕ್ಟಿವ್: ಪರೀಕ್ಷೆಯಲ್ಲಿ ಕಂಡಿದ್ದು. ನಾನು ಮೊದಲನೆಯದನ್ನೇ ಹಾರಿಸಿಬಿಟ್ಟಿದ್ದೆ. ಎಕ್ಸ್‌ರೇ ಮೂಳೆ ತೋರಿಸುತ್ತೆ, ನರ ತೋರಿಸಲ್ಲ.

ಮುಂದಿನ ವಾರ ಮತ್ತೆ ಹೋದ್ವಿ. ನಾನು ಬಾಯಿ ಮುಚ್ಕೊಂಡು ಕೂತೆ. ಅಜ್ಜಿ ಪೂರ್ತಿ ಹೇಳಿದ ಮೇಲೆ ಡಾಕ್ಟರ್ 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ತಟ್ಟಿ ಹೆಬ್ಬೆರಳಿಗೆ ಇಟ್ರು. "ಅದುರೋದು ಗೊತ್ತಾಗ್ತಿದೆಯಾ ಅಮ್ಮ?" "ಇಲ್ಲ." ಶುಗರ್‌ನಿಂದ ನರಕ್ಕೆ ಪೆಟ್ಟಾಗಿದೆ ಅಂದ್ರು.

ಫ್ರೀಕ್ವೆನ್ಸಿ ಫೋರ್ಕಿನದು, ನಿಜ. ಆದ್ರೆ ರೀಡಿಂಗ್ ಕೊಟ್ಟಿದ್ದು ಅಜ್ಜಿ.